ಆಸ್ಪತ್ರೆಯಲ್ಲಿದ್ದೇ ಆಂಡಿಪಟ್ಟಿ ಗೆದ್ದ ಎಂ.ಜಿ.ಆರ್.

ತೇನಿಯಿಂದ ಮಧುರೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಆಂಡಿಪಟ್ಟಿ. 1984ರಲ್ಲಿ ಇದೆಲ್ಲ ಇನ್ನೂ ಮಧುರೆ ಜಿಲ್ಲೆಯೇ. ಆ ವರ್ಷದ ಚುನಾವಣೆಯನ್ನು ಉತ್ತಮಪಾಳಯಂ, ಕಂಬಂ ಕಡೆಯ ಹಿರಿಯರು ಮರೆತಿರಲಾರರು. ಅಭ್ಯರ್ಥಿ ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಹಾಸಿಗೆ ಹಿಡಿದಿದ್ದರು.

ಎಂ.ಜಿ. ರಾಮಚಂದ್ರನ್ ಹುಟ್ಟಿದ್ದು 1917ರ ಜನವರಿ 17ರಂದು, ಶ್ರೀಲಂಕಾದ ಕ್ಯಾಂಡಿ ಬಳಿ. ಮಲಯಾಳಿ ಮನೆತನ, ಬಡತನದ ಬಾಲ್ಯ, ನಾಟಕ ಕಂಪನಿ, ಆಮೇಲೆ ಸಿನಿಮಾ. ನಮ್ಮ ಸರೋಜಾದೇವಿ ಜೊತೆ ನಟಿಸಿದ ಚಿತ್ರಗಳನ್ನು ಕನ್ನಡ ಮನೆಯವರೂ ಮುಗಿಬಿದ್ದು ನೋಡಿದರು.

ಆಸ್ಪತ್ರೆಯಿಂದ ಗೆದ್ದದ್ದು ಅವರಿಗೆ ಹೊಸತಲ್ಲ. 1967ರ ಜನವರಿ 12ರಂದು ನಟ ಎಂ.ಆರ್. ರಾಧಾ ಹಾರಿಸಿದ ಗುಂಡು ಕುತ್ತಿಗೆಗೆ ತಾಗಿತು. ಬ್ಯಾಂಡೇಜ್ ಕಟ್ಟಿದ ಕುತ್ತಿಗೆಯ ಫೋಟೋವೇ ಪೋಸ್ಟರ್ ಆಯಿತು. ಪ್ರಚಾರಕ್ಕೆ ಹೋಗದೆಯೇ ಪರಂಗಿಮಲೈಯಲ್ಲಿ ಗೆದ್ದರು. ಧ್ವನಿ ಮಾತ್ರ ಮೊದಲಿನಂತಾಗಲಿಲ್ಲ.

1972ರಲ್ಲಿ ಸ್ವಂತ ಪಕ್ಷ ಕಟ್ಟಿದರು. ಮರುವರ್ಷ ದಿಂಡಿಗಲ್ ಉಪಚುನಾವಣೆಯಲ್ಲಿ ಎರಡೆಲೆಗೆ ಮೊದಲ ಗೆಲುವು. 1977ರಲ್ಲಿ ಮುಖ್ಯಮಂತ್ರಿ.

1984ರ ಅಕ್ಟೋಬರ್‌ನಲ್ಲಿ ಮೂತ್ರಪಿಂಡ ಕೈಕೊಟ್ಟಿತು, ಪಾರ್ಶ್ವವಾಯುವೂ ಬಡಿಯಿತು. ಚೆನ್ನೈನ ಅಪೊಲೊದಿಂದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಕರೆದೊಯ್ದರು. ಇತ್ತ ಇಂದಿರಾ ಗಾಂಧಿ ಹತ್ಯೆಯಾಗಿ, ಲೋಕಸಭೆ ಜೊತೆ ವಿಧಾನಸಭೆಗೂ ಚುನಾವಣೆ ಬಂತು. ಎಂ.ಜಿ.ಆರ್. ಬದುಕಿಲ್ಲ ಎಂಬ ಪುಕಾರು ಹಬ್ಬಿತು. ಬದುಕಿದ್ದರೂ ರಾಜ್ಯ ನಡೆಸಬಲ್ಲರೇ ಎಂಬ ಪ್ರಶ್ನೆಯೂ ಎದ್ದಿತು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಉತ್ತರವಾಗಿ ಪಕ್ಷದವರು ಆಸ್ಪತ್ರೆಯಲ್ಲಿ ಅವರು ಊಟ ಮಾಡುವ, ಪೇಪರ್ ಓದುವ ವಿಡಿಯೋ ತರಿಸಿ ಊರೂರಲ್ಲಿ ತೋರಿಸಿದರು. ಅಣ್ಣನ ಮಗಳು ಲೀಲಾವತಿ ಮೂತ್ರಪಿಂಡ ಕೊಟ್ಟರು. ಡಿಸೆಂಬರ್ 24ರಂದು ಮತದಾನ. ಆಂಡಿಪಟ್ಟಿಯಲ್ಲೂ, ರಾಜ್ಯದಲ್ಲೂ ನಿರಾಯಾಸ ಗೆಲುವು.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿಯಿಲ್ಲ, ಡಾಕ್ಟರ ಸರ್ಟಿಫಿಕೇಟೂ ಬೇಕಿಲ್ಲ.

1985ರ ಫೆಬ್ರವರಿಯಲ್ಲಿ ಮರಳಿ ಬಂದು ಮೂರನೇ ಸಲ ಪ್ರಮಾಣ ವಚನ ಸ್ವೀಕರಿಸಿದರು. ಮಾತು ತೊದಲುತ್ತಿತ್ತು, ಅರ್ಥ ಮಾಡಿಕೊಳ್ಳುವುದು ಕಷ್ಟವಿತ್ತು. ಚಿಕಿತ್ಸೆಗೆ ಮತ್ತೆ ಅಮೆರಿಕಕ್ಕೆ ಹೋಗಿಬರಬೇಕಾಯಿತು. ಉತ್ತರಾಧಿಕಾರಿ ಯಾರೆಂದು ಸ್ಪಷ್ಟವಾಗಿ ಹೇಳಲೇ ಇಲ್ಲ. ಸಾವಿನ ಬಳಿಕ ಪಕ್ಷ ಎರಡು ಹೋಳಾದದ್ದಕ್ಕೆ ಅದೇ ಮುಖ್ಯ ಕಾರಣ.

ಮುಂದೆ ಇದೇ ಆಂಡಿಪಟ್ಟಿಯಿಂದ ಗೆದ್ದಿದ್ದ, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 2016ರಲ್ಲಿ 75 ದಿನ ಅಪೊಲೊದಲ್ಲಿದ್ದು ತೀರಿಕೊಂಡರು. ಅಷ್ಟೂ ದಿನ ಜನರಿಗೆ ಒಂದು ಫೋಟೋ ಕೂಡ ಕಾಣಿಸಲಿಲ್ಲ. ಎಂ.ಜಿ.ಆರ್. ವಿಷಯದಲ್ಲಿ ವಿಡಿಯೋನಾದರೂ ಬಂದಿತ್ತು.

ಎಂ.ಜಿ.ಆರ್. ತೀರಿಕೊಂಡದ್ದು 1987ರ ಡಿಸೆಂಬರ್ 24ರಂದು, ಮುಖ್ಯಮಂತ್ರಿಯಾಗಿದ್ದಾಗಲೇ. ಆಗ ಅವರಿಗೆ 70 ವರ್ಷ. ಆಂಡಿಪಟ್ಟಿ ಮತ ಹಾಕಿ ಅಂದಿಗೆ ಸರಿಯಾಗಿ ಮೂರು ವರ್ಷವಾಗಿತ್ತು.