ದುಡಿಮೆ ಯಾರದು, ಹೆಸರು ಯಾರದು?
ಕಮಲಾದೇವಿ ಚಟ್ಟೋಪಾಧ್ಯಾಯರ ಬಾಳಿನಿಂದ ನಮ್ಮ ಮನೆಗಳಿಗೆ ಒಂದು ಪಾಠ



ಬೆಳಗಿನ ಹೊತ್ತು ಗೌರಿಬಿದನೂರಿನ ಕಡೆಗೆ ಹೋದವರು ಈ ನೋಟವನ್ನು ಕಂಡಿರುತ್ತೀರಿ. ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದತ್ತ ಕೆಲಸಕ್ಕೆ ಹೊರಟಿರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಮನಸ್ಸೆಲ್ಲ ಮನೆಯಲ್ಲಿ ಬಿಟ್ಟುಬಂದ ಮಗುವಿನ ಮೇಲೆ. ಆ ಮಗುವನ್ನು ಅತ್ತೆಯೋ, ತಾಯಿಯೋ, ಪಕ್ಕದ ಮನೆಯ ಅಕ್ಕನೋ ನೋಡಿಕೊಳ್ಳುತ್ತಿರುತ್ತಾಳೆ. ಒಬ್ಬ ಹೆಂಗಸು ದುಡಿಯಲು ಹೋಗಬೇಕಾದರೆ ಅವಳ ಹಿಂದೆ ಇನ್ನೊಬ್ಬ ಹೆಂಗಸು ನಿಂತಿರಲೇಬೇಕು.

ಅದೇ ಜಿಲ್ಲೆಯ ಶಿಡ್ಲಘಟ್ಟದ ಕಡೆಗೆ ಹೋಗಿ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತೆಂದರೆ ಮನೆಯೊಡತಿಗೆ ನಿದ್ದೆಯಿಲ್ಲ. ಸೊಪ್ಪು ತರಬೇಕು, ಹಾಕಬೇಕು, ಕಸ ತೆಗೆಯಬೇಕು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಇದರ ನಡುವೆ ಮಗುವಿಗೆ ಹಾಲು, ಮನೆಮಂದಿಗೆ ಮುದ್ದೆ. ಆದರೆ ಗೂಡು ಮಾರುಕಟ್ಟೆಗೆ ಹೋದ ಮೇಲೆ ಲೆಕ್ಕದ ಚೀಟಿಯಲ್ಲಿ ಬರೆಯುವ ಹೆಸರು ಯಾರದು? ದುಡ್ಡು ಸೇರುವ ಪಾಸ್‌ಬುಕ್ ಯಾರದು? ನಮ್ಮ ನಮ್ಮ ಮನೆಗಳನ್ನೇ ನೆನೆದುಕೊಂಡರೆ ಉತ್ತರ ಸಿಗುತ್ತದೆ.

ಈ ಪ್ರಶ್ನೆಗೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟ ತಾಯಿಯೊಬ್ಬರು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಸ್ವಾತಂತ್ರ್ಯ ಹೋರಾಟಗಾರ್ತಿಯೆಂದು, ಕರಕುಶಲ ಕಲೆಗಳನ್ನು ಉಳಿಸಿದವರೆಂದು ಶಾಲೆಯ ಪುಸ್ತಕಗಳಲ್ಲಿ ಅವರ ಬಗ್ಗೆ ಓದಿರುತ್ತೀರಿ. ಆದರೆ ಅವರ ಕಥೆ ಶುರುವಾಗುವುದು ಒಬ್ಬ ವಿಧವೆ ತಾಯಿಯ ಕಷ್ಟದಿಂದ.

ಬರಿಗೈಯಾದ ತಾಯಿ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರ್ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದಿನ ರುಚಿ ಕಂಡವರು, ಸ್ವಾಭಿಮಾನಿ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಆ ಕಾಲದ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ನಿನ್ನೆಯವರೆಗೆ ಯಾವ ಮನೆಗೆ ಒಡತಿಯಾಗಿದ್ದರೋ ಅದೇ ಮನೆಯಲ್ಲಿ ಇವತ್ತು ಅವರು ಪರಾಧೀನರು. ಯೋಚಿಸಿ ನೋಡಿ, ಆ ತಾಯಿಗೆ ಹೇಗಾಗಿರಬೇಡ!

ಗಿರಿಜಾಬಾಯಿ ಆ ಜೀವನಾಂಶ ಬೇಡವೆಂದರು. ತವರಿನಿಂದ ತಮ್ಮ ಪಾಲಿಗೆ ಬಂದದ್ದರಲ್ಲೇ ಮಕ್ಕಳನ್ನು ಬೆಳೆಸಲು ನಿಂತರು. ಹೆಣ್ಣುಮಕ್ಕಳ ಓದು ನಿಲ್ಲಬಾರದೆಂಬ ಹಟ ಬಿಡಲಿಲ್ಲ. ಕೈಯಲ್ಲಿ ತನ್ನದೆನ್ನುವ ಗಳಿಕೆಯಿಲ್ಲದ, ಕಾಗದದ ಮೇಲೆ ತನ್ನ ಹೆಸರಿಲ್ಲದ ಹೆಣ್ಣಿನ ಪಾಡು ಏನಾಗುತ್ತದೆಂಬುದನ್ನು ಪುಟ್ಟ ಕಮಲ ಅಮ್ಮನ ಸೆರಗು ಹಿಡಿದುಕೊಂಡೇ ಕಂಡಳು. ಮುಂದೆ ಆಕೆ ಮಾಡಿದ ಕೆಲಸಕ್ಕೆಲ್ಲ ಬೀಜ ಬಿದ್ದದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಅಂದಿನ ರೂಢಿಯಂತೆ ಹದಿನಾಲ್ಕರ ವಯಸ್ಸಿಗೇ ಕಮಲಾದೇವಿಗೆ ಮದುವೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಗಂಡ ತೀರಿಕೊಂಡು ಅವರು ಬಾಲವಿಧವೆಯಾದರು. ಆ ಕಾಲದಲ್ಲಿ ಇಂಥ ಹುಡುಗಿಯ ಬಾಳು ಅಡುಗೆಮನೆಯ ಮೂಲೆಯಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅವರ ಓದು ಮದರಾಸಿನಲ್ಲಿ ಮುಂದುವರಿಯಿತು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾಯಿತು. ವಿಧವೆಯ ಮರುಮದುವೆ, ಅದೂ ಬೇರೆ ಜಾತಿಯಲ್ಲಿ, ಬೇರೆ ಭಾಷೆಯವರೊಡನೆ! ನೆಂಟರಿಷ್ಟರು ಆಡಿಕೊಂಡರು. ದಂಪತಿಗಳಿಗೆ ರಾಮಕೃಷ್ಣ ಎಂಬ ಒಬ್ಬನೇ ಮಗ ಹುಟ್ಟಿದ.

ಬೆನ್ನಿಗೆ ನಿಂತ ಗೆಳತಿ

ಕಮಲಾದೇವಿಯವರನ್ನು ಸಾರ್ವಜನಿಕ ಬದುಕಿಗೆ ಎಳೆತಂದದ್ದು ಇನ್ನೊಬ್ಬ ಹೆಂಗಸು ಎಂಬುದನ್ನು ಮರೆಯಬಾರದು. ಐರ್ಲೆಂಡಿನಿಂದ ಬಂದು ಭಾರತದಲ್ಲಿ ನೆಲೆಸಿದ ಮಾರ್ಗರೆಟ್ ಕಸಿನ್ಸ್ ಅವರು ಹೆಂಗಸರ ಹಕ್ಕುಗಳಿಗಾಗಿ ದುಡಿದವರು. 1926ರಲ್ಲಿ ಮದರಾಸು ಪ್ರಾಂತ್ಯದ ಶಾಸನಸಭೆಗೆ ಮಹಿಳೆಯರೂ ಸ್ಪರ್ಧಿಸಬಹುದೆಂಬ ಅವಕಾಶ ದೊರೆಯಿತು. ಆಗ ಮಾರ್ಗರೆಟ್ ಅವರು ಕಮಲಾದೇವಿಯನ್ನು ಒತ್ತಾಯಪಡಿಸಿ ಚುನಾವಣೆಗೆ ನಿಲ್ಲಿಸಿದರು, ಜೊತೆಯಲ್ಲಿ ನಿಂತು ಪ್ರಚಾರವನ್ನೂ ಮಾಡಿದರು.

ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸಾಲದ್ದಕ್ಕೆ ಇನ್ನೊಂದು ತೊಡಕು. ಆಗ ಆಸ್ತಿಪಾಸ್ತಿ ಇದ್ದು ತೆರಿಗೆ ಕಟ್ಟುವವರಿಗೆ ಮಾತ್ರ ಮತದ ಹಕ್ಕು. ಆಸ್ತಿಯೆಲ್ಲ ಗಂಡಸರ ಹೆಸರಿನಲ್ಲಿ. ಹೀಗಾಗಿ ಮತ ಹಾಕಬಲ್ಲ ಹೆಂಗಸರೇ ಅಪರೂಪ. ಅಮ್ಮನ ಮನೆಯಲ್ಲಿ ಕಂಡ ಅದೇ ಅಡ್ಡಿ ಇಲ್ಲಿಯೂ ಎದುರಾಯಿತು. ಆದರೂ ತೀರ ಕಡಿಮೆ ಮತಗಳ ಅಂತರದಲ್ಲಿ ಅವರು ಸೋತರು. ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಇಂದಿಗೂ ನೆನೆಯುತ್ತಾರೆ.

ಮರುವರ್ಷವೇ, 1927ರಲ್ಲಿ, ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿಕೊಂಡಿತು. ಮಾರ್ಗರೆಟ್ ಅದರ ಹಿಂದಿನ ಶಕ್ತಿ, ಕಮಲಾದೇವಿ ಅದರ ಸಂಘಟನಾ ಕಾರ್ಯದರ್ಶಿ. ಊರೂರು ಅಲೆದು ಶಾಖೆಗಳನ್ನು ಕಟ್ಟಿದರು. ದೆಹಲಿಯಲ್ಲಿ 1932ರಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಈ ಸಮ್ಮೇಳನದ ಪ್ರಯತ್ನದ ಫಲ. ಹುಡುಗಿಯರ ಓದು, ಬಾಲ್ಯವಿವಾಹದ ತಡೆ, ಆಸ್ತಿಯಲ್ಲಿ ಪಾಲು ಎಂದು ಸಮ್ಮೇಳನದ ಕೆಲಸ ಬೆಳೆಯಿತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಬೇಕು, ಹೆರಿಗೆಯ ಹೊತ್ತಿನಲ್ಲಿ ರಕ್ಷಣೆ ಬೇಕು, ಮನೆಗೆಲಸಕ್ಕೂ ಬೆಲೆಯಿದೆ ಎಂದು ಕಮಲಾದೇವಿ ವಾದಿಸಿದರು. ದುಡಿಯುವ ತಾಯಂದಿರಿಗೆ ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯದ ಕಾನೂನು ಬಂದದ್ದು 1961ರಲ್ಲಿ. ಇಂದು ಕಾರ್ಖಾನೆಗೆ ಹೋಗುವ ನಿಮ್ಮ ಮಗಳಿಗೆ ಸಂಬಳ ಸಹಿತ ಹೆರಿಗೆ ರಜೆ ಸಿಗುವುದರ ಹಿಂದೆ ಈ ತಲೆಮಾರಿನ ಹೆಂಗಸರ ಬೆವರೂ ಇದೆ.

ಮಗು ಮತ್ತು ಸೆರೆಮನೆ

1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ ದಂಡಿ ಯಾತ್ರೆಯ ತಂಡಕ್ಕೆ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನು ಕಂಡು, ಮನೆಯಲ್ಲಿ ಉಪ್ಪನ್ನು ಕೈಯಲ್ಲಿ ಹಿಡಿಯುವವರೇ ಈ ಹೋರಾಟದಿಂದ ಹೊರಗುಳಿಯಬಾರದೆಂದು ಮನವೊಲಿಸಿದರು. ಮುಂಬಯಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಕಡಲತೀರದಲ್ಲಿ ಉಪ್ಪು ಮಾಡಿದರು. ಪೊಟ್ಟಣ ಕಟ್ಟಿ ಷೇರು ಪೇಟೆಗೂ ನುಗ್ಗಿ ಮಾರಿದರು. ಸರ್ಕಾರ ಬಂಧಿಸಿ ಜೈಲಿಗೆ ಕಳುಹಿಸಿತು.

ಆಗ ಅವರ ಮಗ ಇನ್ನೂ ಚಿಕ್ಕವನು. ದೇಶಕ್ಕಾಗಿ ಸೆರೆಮನೆ ಸೇರಿದ ಗಂಡಸರನ್ನು ವೀರರೆಂದು ಹೊಗಳಿದ ಸಮಾಜ, ಅದೇ ಕೆಲಸ ಮಾಡಿದ ತಾಯಿಗೆ ಮಗುವಿನ ಗತಿ ಏನೆಂದು ಕೇಳುತ್ತದೆ. ಇಂದಿಗೂ ಸಂಘದ ಸಭೆಗೆ ಹೋಗಿ ತಡವಾಗಿ ಬಂದ ಹೆಂಗಸನ್ನು ನಾವು ಕೇಳುವುದು ಅದನ್ನೇ ಅಲ್ಲವೇ? ಹರೀಂದ್ರನಾಥರೊಡನೆಯ ದಾಂಪತ್ಯವೂ ಉಳಿಯಲಿಲ್ಲ. 1930ರ ದಶಕದಲ್ಲಿ ಇಬ್ಬರೂ ಕಾನೂನಿನ ಮೂಲಕ ಬೇರೆಯಾದರು. ಅಂದಿನ ಸಮಾಜದಲ್ಲಿ ಅದರ ನೋವೂ ಅಪವಾದವೂ ಹೆಣ್ಣಿನ ತಲೆಗೇ ಬರುತ್ತಿದ್ದವು. ಅವರ ಬಾಳಿನ ಈ ಭಾಗವನ್ನು ನಾವು ಮುಚ್ಚಿಡಬೇಕಾಗಿಲ್ಲ, ತೂಗಿ ನೋಡಿ ತೀರ್ಪು ಕೊಡಬೇಕಾಗಿಯೂ ಇಲ್ಲ. ನಾಯಕಿಯಾಗಿದ್ದೂ ತಾಯಿಯಾಗಿರುವುದು ಸುಲಭವಲ್ಲವೆಂದು ತಿಳಿದರೆ ಸಾಕು.

ಸಹಕಾರದ ದಾರಿ

1947ರಲ್ಲಿ ದೇಶ ಇಬ್ಭಾಗವಾದಾಗ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು. ಕಮಲಾದೇವಿ ಮಂತ್ರಿ ಪದವಿಯ ಹಿಂದೆ ಬೀಳದೆ ನಿರಾಶ್ರಿತರ ಡೇರೆಗಳ ಕಡೆಗೆ ನಡೆದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50 ಸಾವಿರ ಜನರಿಗಾಗಿ ದೆಹಲಿಯ ಬಳಿ ಫರೀದಾಬಾದಿನಲ್ಲಿ ಹೊಸ ಪಟ್ಟಣ ಎದ್ದಿತು. ಅಲ್ಲಿ ನಿರಾಶ್ರಿತರೇ ಸಹಕಾರ ಸಂಘಗಳನ್ನು ಮಾಡಿಕೊಂಡು ತಮ್ಮ ಮನೆಗಳನ್ನು ಕಟ್ಟಿಕೊಂಡರು. ದಾನಕ್ಕೆ ಕೈಯೊಡ್ಡುವವರು ದುಡಿಮೆಯ ಪಾಲುದಾರರಾದರು.

ಸಹಕಾರ ಸಂಘವೆಂದರೆ ಕಮಲಾದೇವಿಗೆ ಏಕೆ ಅಷ್ಟು ನಂಬಿಕೆ? ಒಬ್ಬ ಬಡ ನೇಕಾರನ ಮನೆಯನ್ನೇ ತೆಗೆದುಕೊಳ್ಳಿ. ನೂಲು ಕೊಳ್ಳಲು ದುಡ್ಡಿಲ್ಲ. ಸಾಹುಕಾರ ಮುಂಗಡ ಕೊಡುತ್ತಾನೆ. ಮುಂಗಡ ಪಡೆದ ತಪ್ಪಿಗೆ ನೇಯ್ದ ಸೀರೆಯನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕು. ಸಾಲ ತೀರುವುದಿಲ್ಲ, ಮಗ್ಗ ನಿಲ್ಲುವುದಿಲ್ಲ. ಆ ಮನೆಯಲ್ಲಿ ಕಂಡಿಕೆ ಸುತ್ತುವವಳು, ನೂಲಿಗೆ ಗಂಜಿ ಹಾಕುವವಳು ಹೆಂಡತಿ. ಆದರೆ ನೇಕಾರನೆಂಬ ಹೆಸರು ಗಂಡನಿಗೆ ಮಾತ್ರ. ಕುಂಬಾರನ ಮನೆಯಲ್ಲಿ ಮಣ್ಣು ಹದ ಮಾಡುವವಳ ಕಥೆಯೂ ಅಷ್ಟೇ. ಹತ್ತು ಮನೆಯವರು ಸೇರಿ ಸಂಘ ಮಾಡಿಕೊಂಡರೆ ನೂಲನ್ನು ಸಗಟು ಬೆಲೆಗೆ ತರಬಹುದು, ಸಾಹುಕಾರನ ಹಂಗು ತಪ್ಪಿಸಿಕೊಳ್ಳಬಹುದು, ಲಾಭವನ್ನು ಹಂಚಿಕೊಳ್ಳಬಹುದು. ಮುಖ್ಯವಾಗಿ, ಸಂಘದ ಪುಸ್ತಕದಲ್ಲಿ ದುಡಿದವಳ ಹೆಸರನ್ನೇ ಬರೆಯಬಹುದು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಕಮಲಾದೇವಿ ಅದರ ನೇತೃತ್ವ ವಹಿಸಿದರು. ಅದೇ ಕಾಲದಲ್ಲಿ ದೆಹಲಿಯ ಕೇಂದ್ರ ಗುಡಿಕೈಗಾರಿಕೆಗಳ ಮಳಿಗೆಯ ಹೊಣೆಯೂ ಸಹಕಾರ ಒಕ್ಕೂಟಕ್ಕೆ ಬಂತು. ಹಳ್ಳಿಯ ಮೂಲೆಯಲ್ಲಿ ತಯಾರಾದ ಬುಟ್ಟಿ, ಬೊಂಬೆ, ಬಟ್ಟೆ ರಾಜಧಾನಿಯ ಮಾರುಕಟ್ಟೆಗೆ ಬಂದವು. ಬರಿ ಪ್ರೀತಿಯಿಂದ ವ್ಯಾಪಾರ ನಡೆಯುವುದಿಲ್ಲವೆಂಬುದು ಕಮಲಾದೇವಿಗೆ ಚೆನ್ನಾಗಿ ಗೊತ್ತಿತ್ತು. ಸರಕು ಒಂದೇ ಗುಣಮಟ್ಟದಲ್ಲಿರಬೇಕು, ಕೊಳ್ಳುವವರ ರುಚಿ ತಿಳಿದಿರಬೇಕು. ಹೊಸ ವಿನ್ಯಾಸಗಳಿಗಾಗಿ ದೇಶದ ಕೆಲವೆಡೆ ವಿನ್ಯಾಸ ಕೇಂದ್ರಗಳು ಆರಂಭವಾದವು, ನಮ್ಮ ಬೆಂಗಳೂರಿನಲ್ಲಿಯೂ ಒಂದು. ಬಸ್ಸು, ರೈಲು, ಎತ್ತಿನ ಗಾಡಿ, ಏನು ಸಿಕ್ಕರೆ ಅದರಲ್ಲಿ ಕುಶಲಕರ್ಮಿಗಳ ಮನೆ ಬಾಗಿಲಿಗೇ ಹೋಗುವುದು ಅವರ ಪದ್ಧತಿ.

1964ರಲ್ಲಿ ಅಮೆರಿಕದ ಐಲೀನ್ ವೆಬ್ ಅವರೊಡನೆ ಸೇರಿ ವಿಶ್ವ ಕರಕುಶಲ ಪರಿಷತ್ತಿಗೂ ಅಡಿಪಾಯ ಹಾಕಿದರು. ಅದೇ ವರ್ಷ ಭಾರತದ ಕರಕುಶಲ ಪರಿಷತ್ತು ಹುಟ್ಟಿತು. ಮೊದಲು ಮಾರ್ಗರೆಟ್, ಆಮೇಲೆ ಅವಂತಿಕಾಬಾಯಿ, ಈಗ ಐಲೀನ್. ಅವರ ಪ್ರತಿಯೊಂದು ದೊಡ್ಡ ಕೆಲಸದ ಪಕ್ಕದಲ್ಲಿ ಇನ್ನೊಬ್ಬ ಹೆಂಗಸಿನ ಹೆಗಲು ಕಾಣುತ್ತದೆ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಬಂದವು. 1988ರ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ಕೊನೆಯುಸಿರೆಳೆದರು.

ನಮ್ಮ ಮನೆಯ ಲೆಕ್ಕ

ಗಿರಿಜಾಬಾಯಿ ಅನುಭವಿಸಿದ ಅನ್ಯಾಯವನ್ನು ಕಾನೂನು ಮೆಲ್ಲಮೆಲ್ಲನೆ ತಿದ್ದಿಕೊಂಡಿದೆ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. 1994ರಲ್ಲಿ ಕರ್ನಾಟಕವೂ, 2005ರಲ್ಲಿ ಇಡೀ ದೇಶವೂ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟವು. ಕ್ರೈಸ್ತರಾದ ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಿದೆ. ಉಯಿಲು ಇಲ್ಲದಿದ್ದರೆ ಗಂಡನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸೇರಬೇಕೆಂದು ಅದು ಹೇಳುತ್ತದೆ. ಕಾನೂನು ಹೀಗಿದೆ, ಆದರೆ ಮನೆಯಲ್ಲಿ ನಡೆಯುವುದು? ಮದುವೆಯ ಖರ್ಚು ಮಾಡಿದ್ದೇವಲ್ಲ ಎಂದು ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳು ನಮ್ಮಲ್ಲಿಯೂ ಇಲ್ಲವೇ?

ಕಮಲಾದೇವಿಯವರಂತೆ ಎಲ್ಲರೂ ದೇಶವನ್ನು ಸುತ್ತಬೇಕಾಗಿಲ್ಲ. ಹಾಲಿನ ಡೈರಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಧರ್ಮಕೇಂದ್ರದ ಮಹಿಳಾ ಸಂಘದಲ್ಲಿ ದಾರಿ ಆಗಲೇ ತೆರೆದಿದೆ. ಓದುಗ ಸಹೋದರಿಯರೇ, ಪಕ್ಕದ ಮನೆಯವಳು ಸಣ್ಣ ವ್ಯಾಪಾರ ಶುರು ಮಾಡಿದರೆ ಮೊದಲ ಗಿರಾಕಿ ನೀವಾಗಿ. ಅವಳು ಸಂತೆಗೆ ಹೋದ ದಿನ ಅವಳ ಮಗುವಿಗೆ ನಿಮ್ಮ ಮನೆಯಲ್ಲಿ ಒಂದು ತುತ್ತು ಇರಲಿ. ನಾಳೆ ನಿಮ್ಮ ಸರದಿ ಬಂದಾಗ ಅವಳು ಇರುತ್ತಾಳೆ.

ಸಹೋದರರೇ, ನಿಮಗೂ ಒಂದು ಮಾತು. ಇವತ್ತು ಸಂಜೆ ಮನೆಯವರೆಲ್ಲ ಊಟಕ್ಕೆ ಕುಳಿತಾಗ ಪಾಸ್‌ಬುಕ್ಕನ್ನು, ಮನೆಯ ಪತ್ರಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಹುಳು ಸಾಕಿದವಳ, ಹಸು ಕರೆದವಳ, ಡಬ್ಬಿ ಹಿಡಿದು ಬೆಳಗಿನ ಬಸ್ಸು ಹತ್ತಿದವಳ ಹೆಸರು ಅದರಲ್ಲಿ ಎಲ್ಲಿದೆ ಎಂದು ಹುಡುಕಿ. ಸಿಗದಿದ್ದರೆ ಬರೆಸಲು ಇನ್ನೂ ಹೊತ್ತು ಮೀರಿಲ್ಲ.