ಮಿಠಾಯಿಗಾರ ಮಿಲ್ಟನ್ ಹರ್ಷೆ

ಚಾಕಲೇಟು ಎಂದೊಡನೆ ಯಾರ ಬಾಯಲ್ಲಿ ನೀರೂರುವುದಿಲ್ಲ? ವರ್ಗದಲ್ಲಿ ಯಾರದಾದರೂ ಹುಟ್ಟುಹಬ್ಬವಿದ್ದರೆ ಮೊದಲು ಹಂಚುವುದು ಅದನ್ನೇ. ಇಂದು ನಮ್ಮ ಉಟಗಿಯ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಈ ತಿನಿಸು ನೂರೈವತ್ತು ವರ್ಷಗಳ ಹಿಂದೆ ಶ್ರೀಮಂತರ ಮನೆಗಳಿಗೆ ಮಾತ್ರ ಮೀಸಲಾಗಿತ್ತು. ಅದನ್ನು ಸಾಮಾನ್ಯರ ಮಕ್ಕಳ ಕೈಗೆ ಎಟುಕುವಂತೆ ಮಾಡಿದವರಲ್ಲಿ ಅಮೇರಿಕೆಯ ಮಿಲ್ಟನ್ ಹರ್ಷೆ ಪ್ರಮುಖನು. ಅವನು ಗಳಿಸಿದ ಹಣ ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಆದ್ದರಿಂದ ಅವನ ಜೀವನವನ್ನು ಇಲ್ಲಿ ಹೇಳುತ್ತಿದ್ದೇನೆ.

ಹರ್ಷೆಯು 1857ನೆಯ ಸಪ್ಟೆಂಬರ 13ರಂದು ಪೆನ್ಸಿಲ್ವೇನಿಯಾ ಪ್ರಾಂತದ ಡೆರಿ ಎಂಬಲ್ಲಿ ಒಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿದನು. ತಂದೆ ಹೆನ್ರಿ ಓದುವ ಗೀಳಿನವನು, ಕನಸುಗಾರ. ಇಂದು ಒಂದು ಉದ್ಯೋಗ, ನಾಳೆ ಇನ್ನೊಂದು. ಯಾವುದೂ ಕೈ ಹಿಡಿಯಲಿಲ್ಲ. ತಾಯಿ ಫ್ಯಾನಿ ಕಟ್ಟುನಿಟ್ಟಿನ ಮೆನ್ನೊನೈಟ್ ಪಂಥದ ಮನೆಯವಳು. ದುಡಿಮೆಯಲ್ಲಿಯೂ ಮಿತವ್ಯಯದಲ್ಲಿಯೂ ನಂಬಿಕೆಯುಳ್ಳವಳು. ಗಂಡ ಹೆಂಡಿರ ನಡುವೆ ಹೊಂದಾಣಿಕೆ ಇರಲಿಲ್ಲ. ಇದ್ದೊಬ್ಬ ಪುಟ್ಟ ತಂಗಿ 1867ರಲ್ಲಿ ತೀರಿಕೊಂಡಳು. ತಂದೆಯ ಬೆನ್ನು ಹತ್ತಿ ಸಂಸಾರ ಊರಿಂದೂರಿಗೆ ಅಲೆಯಿತು. ಹುಡುಗನೂ ಒಂದು ಶಾಲೆಯಿಂದ ಇನ್ನೊಂದಕ್ಕೆ ಅಲೆದನು. ಹಲವು ಶಾಲೆಗಳನ್ನು ಕಂಡರೂ 4ನೆಯ ಇಯತ್ತೆಯಿಂದ ಮುಂದೆ ಅವನು ಹೋಗಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಜತ್ತ ತಾಲೂಕು ನೆನಪಾಗದೆ ಇರದು. ದೀಪಾವಳಿ ಬಂತೆಂದರೆ ಇಲ್ಲಿಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಟೋಳಿ ಸೇರಿ ಊರು ಬಿಡುತ್ತವೆ. ಜೊತೆಗೆ ಮಕ್ಕಳೂ ಹೋಗುತ್ತಾರೆ. ಸಕ್ಕರೆ ಕಾರಖಾನೆಯ ಹಂಗಾಮು ಮುಗಿದು ಮರಳಿ ಬರುವಾಗ ವಾರ್ಷಿಕ ಪರೀಕ್ಷೆಯೇ ಹತ್ತಿರ ಬಂದಿರುತ್ತದೆ. ಜಾಣ ಹುಡುಗರು ಹೀಗೆ ಹಿಂದೆ ಬಿದ್ದುದನ್ನು ಪ್ರತಿಯೊಬ್ಬ ಶಿಕ್ಷಕನೂ ಬಲ್ಲನು. ಹರ್ಷೆ ಮುಂದೆ ದೊಡ್ಡವನಾದನೆಂದು ಕಲಿಕೆ ಬೇಕಿಲ್ಲವೆಂದು ಯಾರೂ ತಿಳಿಯಬಾರದು. ತನಗೆ ತಪ್ಪಿಹೋದ ಶಾಲೆಯನ್ನು ಅವನು ಜೀವಮಾನವಿಡೀ ಮರೆತಂತೆ ಕಾಣುವುದಿಲ್ಲ.

ಮಗ ಓದು ಬರಹದ ಜೊತೆ ಇರಲಿ ಎಂದು ತಂದೆ ಅವನನ್ನು ಜರ್ಮನ್ ಭಾಷೆಯ ಪತ್ರಿಕೆಯೊಂದರ ಛಾಪಖಾನೆಗೆ ಸೇರಿಸಿದನು. ಅಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಒಂದು ದಿನ ಅವನ ಟೊಪ್ಪಿಗೆ ಯಂತ್ರದೊಳಗೆ ಬಿದ್ದು ಕೆಲಸವೆಲ್ಲ ಕೆಟ್ಟಿತು. ಯಜಮಾನ ಅವನನ್ನು ಮನೆಗೆ ಕಳಿಸಿದನು. ಆಗ ತಾಯಿ ಮುಂದೆ ಬಂದು ಲ್ಯಾಂಕಾಸ್ಟರ್ ಪಟ್ಟಣದ ಜೋಸೆಫ್ ರಾಯರ್ ಎಂಬ ಮಿಠಾಯಿಗಾರನ ಕೈಕೆಳಗೆ ಮಗನನ್ನು ಇಟ್ಟಳು. ಸಕ್ಕರೆ ಪಾಕದ ಹದ ಪುಸ್ತಕದಿಂದ ಬರುವಂಥದಲ್ಲ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಹಿರಿಯನು ನೊರೆಯ ಬಣ್ಣ ನೋಡಿಯೇ ಇಳಿಸಿರೆಂದು ಹೇಳುವಂತೆ, ಅದು ಕಣ್ಣಿಗೂ ಕೈಗೂ ಬರಬೇಕಾದ ವಿದ್ಯೆ. ನಾಲ್ಕು ವರ್ಷಗಳಲ್ಲಿ ಅದು ಹರ್ಷೆಗೆ ಬಂದಿತು.

1876ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮುಂಚೆಯೇ, ಅವನು ಫಿಲಡೆಲ್ಫಿಯಾ ನಗರದಲ್ಲಿ ಸ್ವಂತ ಅಂಗಡಿ ತೆರೆದನು. ಚಿಕ್ಕಮ್ಮ ಮ್ಯಾಟಿ ಸಾಲ ಕೊಟ್ಟಳು. ರಾತ್ರಿ ಮಿಠಾಯಿ ಕಾಸುವುದು, ಹಗಲು ಮಾರುವುದು. ತಾಯಿಯೂ ಚಿಕ್ಕಮ್ಮನೂ ಕುಳಿತು ಒಂದೊಂದನ್ನೇ ಕಾಗದದಲ್ಲಿ ಸುತ್ತುವುದು. ಆರು ವರ್ಷ ಹೀಗೆ ದುಡಿದರೂ ಸಾಲ ಬೆಳೆಯಿತೇ ಹೊರತು ಲಾಭ ಬರಲಿಲ್ಲ. ಅವನ ಆರೋಗ್ಯವೂ ಕೆಟ್ಟಿತು. 1882ರಲ್ಲಿ ಅಂಗಡಿ ಮುಚ್ಚಿತು.

ಬಳಿಕ ಅವನು ತಂದೆ ಇದ್ದ ಡೆನ್ವರ್ ನಗರಕ್ಕೆ ಹೋಗಿ ಒಬ್ಬ ಮಿಠಾಯಿಗಾರನಲ್ಲಿ ಕೂಲಿಗೆ ನಿಂತನು. ಈ ಕೂಲಿಯ ದಿನಗಳೇ ಅವನ ಭಾಗ್ಯದ ಬೀಜವಾದವೆಂದು ನಾನು ತಿಳಿಯುತ್ತೇನೆ. ಸಕ್ಕರೆಯನ್ನು ಕಂದುಬಣ್ಣ ಬರುವವರೆಗೆ ಕಾಸಿ ಮಾಡುವ ಮೆತ್ತನೆಯ ಮಿಠಾಯಿಗೆ ಕ್ಯಾರಮೆಲ್ ಎಂದು ಹೆಸರು. ಡೆನ್ವರಿನ ಯಜಮಾನ ಅದಕ್ಕೆ ತಾಜಾ ಹಾಲು ಹಾಕುತ್ತಿದ್ದನು. ಹಾಲಿನಿಂದ ರುಚಿ ಹೆಚ್ಚುತ್ತಿತ್ತು, ಮಿಠಾಯಿ ಬಹಳ ದಿನ ಕೆಡದೆ ಉಳಿಯುತ್ತಿತ್ತು. ನಮ್ಮ ಧಾರವಾಡ ಪೇಡೆ ತಿಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಲನ್ನೂ ಸಕ್ಕರೆಯನ್ನೂ ತಾಳ್ಮೆಯಿಂದ ಕಾಸಿದಾಗಲೇ ಆ ಕಂದುಬಣ್ಣ, ಆ ಪರಿಮಳ.

ಈ ವಿದ್ಯೆ ಹಿಡಿದುಕೊಂಡು ಅವನು 1883ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಅಂಗಡಿ ಹಾಕಿದನು. ಅದೂ ಮುಳುಗಿತು. 1886ರಲ್ಲಿ ಬರಿಗೈಲಿ ಲ್ಯಾಂಕಾಸ್ಟರಿಗೆ ಮರಳಿದಾಗ ಅವನ ವಯಸ್ಸು ಮೂವತ್ತರ ಹತ್ತಿರ. ಸೋದರಮಾವಂದಿರು ಇನ್ನು ಒಂದು ಕಾಸೂ ಕೊಡುವುದಿಲ್ಲವೆಂದರು. ತಂದೆಯ ಹಾಗೆಯೇ ಮಗನೂ ಎಂದು ನೆಂಟರು ತೀರ್ಪು ಕೊಟ್ಟಾಗಿತ್ತು. ರೈಲಿನಲ್ಲಿ ಬಂದ ಪಾತ್ರೆ ಸಾಮಾನು ಬಿಡಿಸಿಕೊಳ್ಳಲು ಸಹ ಹಣವಿರಲಿಲ್ಲ. ಆಗ ನೆರವಾದವನು ಹಿಂದೆ ಅವನಲ್ಲಿ ನೌಕರನಾಗಿದ್ದ ಲೆಬ್‌ಕಿಚರ್. ಯಜಮಾನನ ಕೆಟ್ಟ ಕಾಲದಲ್ಲಿ ನೌಕರನೇ ಹಣ ಕೊಟ್ಟದ್ದು ಅಪರೂಪದ ಸಂಗತಿ.

ಹಾಲು ಹಾಕಿದ ಕ್ಯಾರಮೆಲ್ ಈ ಸಲ ಜನರಿಗೆ ಹಿಡಿಸಿತು. ಇಂಗ್ಲೆಂಡಿನ ಒಬ್ಬ ವ್ಯಾಪಾರಿ ಅದರ ರುಚಿ ನೋಡಿ ದೊಡ್ಡ ಬೇಡಿಕೆ ಕೊಟ್ಟನು. ಅದನ್ನು ಪೂರೈಸಲು ಬ್ಯಾಂಕು ಸಾಲ ಕೊಟ್ಟಿತು. ಇಂಗ್ಲೆಂಡಿನ ಹಣ ಬಂದೊಡನೆ ಸಾಲ ತೀರಿತು. ಕೆಲವೇ ವರ್ಷಗಳಲ್ಲಿ ಲ್ಯಾಂಕಾಸ್ಟರ್ ಕ್ಯಾರಮೆಲ್ ಕಂಪನಿಯಲ್ಲಿ ಸಾವಿರಕ್ಕೂ ಮಿಕ್ಕಿ ಜನ ದುಡಿಯತೊಡಗಿದರು.

1893ರಲ್ಲಿ ಚಿಕಾಗೋದಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ನಮಗೆ ಆ ವರ್ಷ, ಆ ಊರು ಎಂದರೆ ಸ್ವಾಮಿ ವಿವೇಕಾನಂದರ ಭಾಷಣ ನೆನಪಿಗೆ ಬರುತ್ತದೆ. ಅದೇ ಪ್ರದರ್ಶನದ ಇನ್ನೊಂದು ಕಡೆ ಜರ್ಮನಿಯ ಡ್ರೆಸ್ಡೆನ್ ನಗರದ ಲೇಮನ್ ಕಂಪನಿಯು ಚಾಕಲೇಟು ಮಾಡುವ ಯಂತ್ರಗಳನ್ನು ನಡೆಸಿ ತೋರಿಸುತ್ತಿತ್ತು. ಹರ್ಷೆ ಆ ಯಂತ್ರಗಳನ್ನೇ ಕೊಂಡುಕೊಂಡನು. ತನ್ನ ಕ್ಯಾರಮೆಲ್ಲಿಗೆ ಚಾಕಲೇಟಿನ ಹೊದಿಕೆ ಹಾಕಬೇಕೆಂಬುದು ಅವನ ಮೊದಲ ವಿಚಾರ.

ಚಾಕಲೇಟು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಕೊಕ್ಕೋ ಮರದ ಕಾಯಿಯೊಳಗಿನ ಬೀಜಗಳನ್ನು ಹುಳಿ ಬರಿಸಿ, ಒಣಗಿಸಿ, ಹುರಿದು ಅರೆದರೆ ಅದರ ಜಿಡ್ಡಿನಿಂದಲೇ ಮುದ್ದೆಯು ನೀರಾಗುತ್ತದೆ. ಇದರಿಂದ ಜಿಡ್ಡನ್ನು ಹಿಂಡಿ ತೆಗೆಯುವ ಉಪಾಯವನ್ನು 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ತಂದರು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಕಚ್ಚಿ ತಿನ್ನುವ ಚಾಕಲೇಟು ಪಟ್ಟಿ ಮಾಡಿತು. 1879ರಲ್ಲಿ ಸ್ವಿಟ್ಜರ್ಲೆಂಡಿನ ಲಿಂಟ್ ಎಂಬವನು ಮುದ್ದೆಯನ್ನು ಬಹಳ ಹೊತ್ತು ನಾದಿ ನಯಗೊಳಿಸುವ ಯಂತ್ರ ಕಂಡುಹಿಡಿದನು. ಕೊಕ್ಕೋ ಜಿಡ್ಡಿನ ಗುಣವೇ ವಿಚಿತ್ರ: ಸಾಧಾರಣ ತಂಪಿನಲ್ಲಿ ಗಟ್ಟಿ, ನಮ್ಮ ಮೈಯ ಕಾವಿಗೆ ಕರಗುತ್ತದೆ. ಬಾಯಲ್ಲಿ ಇಟ್ಟೊಡನೆ ಕರಗುವುದು ಇದಕ್ಕಾಗಿಯೇ. ನಮ್ಮ ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಿಸೆಯಲ್ಲಿಯೇ ಕರಗುವುದೂ ಇದಕ್ಕಾಗಿಯೇ! ಕರಗಿದ ಚಾಕಲೇಟಿನಲ್ಲಿ ಮಿಠಾಯಿಯನ್ನು ಅದ್ದಿ ತೆಗೆದು ಆರಲು ಬಿಟ್ಟರೆ ಹೊದಿಕೆ ಸಿದ್ಧ. ಮೊದಲು ಕೆಲಸಗಾರರು ಒಂದೊಂದನ್ನೇ ಕೈಯಿಂದ ಅದ್ದುತ್ತಿದ್ದರು. ಮುಂದೆ, ಸಾಗುವ ತಂತಿ ಪಟ್ಟೆಯ ಮೇಲೆ ಮಿಠಾಯಿಗಳು ಹೋಗುವಾಗ ಮೇಲಿನಿಂದ ಚಾಕಲೇಟು ಪರದೆಯಂತೆ ಸುರಿಯುವ ಯಂತ್ರಗಳು ಬಂದವು.

ಕನ್ನಡ ನಾಡಿಗೂ ಈ ಮರದ ನಂಟು ಇದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ತೋಟಗಳ ನೆರಳಿನಲ್ಲಿ ರೈತರು ಕೊಕ್ಕೋ ಬೆಳೆಯುತ್ತಾರೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರಖಾನೆ ತೆರೆಯಿತು.

ಮತ್ತೆ ಹರ್ಷೆಯ ಕಡೆಗೆ ಬರೋಣ. 1900ರಲ್ಲಿ ಅವನು ಚೆನ್ನಾಗಿ ನಡೆಯುತ್ತಿದ್ದ ಕ್ಯಾರಮೆಲ್ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿಬಿಟ್ಟನು. ಚಾಕಲೇಟು ಕೆಲಸವನ್ನು ಮಾತ್ರ ತನ್ನಲ್ಲಿ ಉಳಿಸಿಕೊಂಡನು. ಹಾಲಿನ ಚಾಕಲೇಟನ್ನು ಅಗ್ಗವಾಗಿ, ಹೇರಳವಾಗಿ ಮಾಡಬೇಕೆಂದು ಅವನ ಹಟ. ಇದರಲ್ಲಿದ್ದ ತೊಡಕು ಸಣ್ಣದಲ್ಲ. ಹಾಲಿನಲ್ಲಿ ಬಹುಪಾಲು ನೀರು, ಚಾಕಲೇಟಿನಲ್ಲಿ ಜಿಡ್ಡು. ಕರಗಿದ ಚಾಕಲೇಟಿಗೆ ನಾಲ್ಕು ಹನಿ ನೀರು ಬಿದ್ದರೂ ಅದು ಗಂಟುಕಟ್ಟಿ ಹಾಳಾಗುತ್ತದೆ. ನೀರನ್ನು ಹೋಗಲಾಡಿಸಲು ಹಾಲನ್ನು ಜೋರಾಗಿ ಕಾಸಿದರೆ ತಳಹಿಡಿದು ಸೀಯುತ್ತದೆ. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರಲ್ಲಿ ಗಟ್ಟಿಸಿದ ಹಾಲು ಬಳಸಿ ಈ ಒಗಟನ್ನು ಬಿಡಿಸಿದ್ದನು. ಆದರೆ ಅಲ್ಲಿಯವರು ಆ ಗುಟ್ಟನ್ನು ಹೊರಗೆ ಬಿಟ್ಟುಕೊಡುತ್ತಿರಲಿಲ್ಲ. ಹರ್ಷೆ ತಾನು ಹುಟ್ಟಿದ ಹಳೆಯ ಮನೆಯ ಹತ್ತಿರ ಆಕಳುಗಳನ್ನು ಕಟ್ಟಿ, ಹಾಲು ಗಟ್ಟಿಸುವ ಸಲಕರಣೆ ಹೂಡಿ, ಬೆಳಗಿನಿಂದ ರಾತ್ರಿಯವರೆಗೆ ಪ್ರಯೋಗ ಮಾಡಿದನು. ಎಷ್ಟೋ ಹಾಲು ಸೀದುಹೋಯಿತು. ಕೊನೆಗೆ, ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಸಕ್ಕರೆ ಬೆರೆಸಿದ ಹಾಲನ್ನು ಸಣ್ಣ ಕಾವಿನಲ್ಲಿ ಕುದಿಸಿದಾಗ ನಯವಾದ ಗಟ್ಟಿ ಹಾಲು ಕೈಗೆ ಬಂದಿತು. ಗಾಳಿಯ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ ಎಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಲ್ಲವೆ? ಅದೇ ತತ್ತ್ವ.

ಎಲ್ಲರೂ ಕಾರಖಾನೆಯನ್ನು ದೊಡ್ಡ ನಗರದಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಹರ್ಷೆ ಅದನ್ನು ಡೆರಿಯ ಹೊಲಗಳ ನಡುವೆ ಕಟ್ಟಿದನು. ಸುತ್ತ ಹಾಲಿತ್ತು, ನೀರಿತ್ತು, ದುಡಿಯುವ ಜನರಿದ್ದರು. 1905ರಲ್ಲಿ ಕೆಲಸ ಮುಗಿಯಿತು. ಕೆಲಸಗಾರರಿಗೆ ಮನೆಗಳು, ಟ್ರಾಮ್ ಗಾಡಿ, ಉದ್ಯಾನ ಎಲ್ಲ ಬಂದು ಅದೊಂದು ಊರೇ ಆಯಿತು. ಅಲ್ಲಿ ಒಂದು ರಸ್ತೆಗೆ ಚಾಕಲೇಟು, ಇನ್ನೊಂದಕ್ಕೆ ಕೊಕ್ಕೋ ಎಂದು ಹೆಸರು. 1907ರಲ್ಲಿ ಕಿಸಸ್ ಎಂಬ ಪುಟ್ಟ ಗೋಪುರದಂಥ ಚಾಕಲೇಟು ಬಂದಿತು. 1921ರವರೆಗೆ ಅದನ್ನು ಕೈಯಿಂದಲೇ ಸುತ್ತುತ್ತಿದ್ದರು, ಬಳಿಕ ಯಂತ್ರ ಬಂದಿತು. ಹರ್ಷೆಯ ಚಾಕಲೇಟು ಪಟ್ಟಿಯ ಬೆಲೆ 5 ಸೆಂಟು. ಪಟ್ಟಿಯ ತೂಕ ಆಗಾಗ ಬದಲಾದರೂ 1969ರವರೆಗೆ 5 ಸೆಂಟಿನ ಪಟ್ಟಿ ಸಿಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. 1898ರಲ್ಲಿ ಅವನು ಕ್ಯಾಥರಿನ್ ಎಂಬಾಕೆಯನ್ನು ಮದುವೆಯಾಗಿದ್ದನು. ಅವಳಿಗೆ ಗುಣವಾಗದ ಬೇನೆ ಹತ್ತಿತು, ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಕೂಡಿ ವಿಚಾರಿಸಿ 1909ನೆಯ ನವೆಂಬರ 15ರಂದು ಅನಾಥ ಹುಡುಗರಿಗಾಗಿ ಒಂದು ವಸತಿಶಾಲೆಯ ದಸ್ತಾವೇಜು ಬರೆದರು. ಮೊದಲು ಬಂದ ಹುಡುಗರು ಬೆರಳೆಣಿಕೆಯಷ್ಟು. ಅವರನ್ನು ಇರಿಸಿದ್ದು ಹರ್ಷೆ ಹುಟ್ಟಿದ ಅದೇ ಹಳೆಯ ಒಕ್ಕಲುತನದ ಮನೆಯಲ್ಲಿ. ಊಟ, ಬಟ್ಟೆ, ಓದು, ಒಂದು ಕೈಕಸುಬು ಎಲ್ಲವೂ ಬಿಟ್ಟಿ. 1915ರಲ್ಲಿ ಕ್ಯಾಥರಿನ್ ತೀರಿಕೊಂಡಳು. ಹರ್ಷೆ ಮರುಮದುವೆಯಾಗಲಿಲ್ಲ. ಮೂರು ವರ್ಷಗಳ ಬಳಿಕ, 1918ರಲ್ಲಿ, ತನ್ನ ಚಾಕಲೇಟು ಕಂಪನಿಯ ಪಾಲೂ ಸೇರಿದಂತೆ ಸುಮಾರು 6 ಕೋಟಿ ಡಾಲರಿನ ಆಸ್ತಿಯನ್ನು ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟನು. ಡಂಗುರ ಸಾರಲಿಲ್ಲ, ಸಮಾರಂಭ ಮಾಡಲಿಲ್ಲ. ಹೊರಗಿನ ಜಗತ್ತಿಗೆ ಈ ಸಂಗತಿ ತಿಳಿದದ್ದು 1923ರಲ್ಲಿ, ಪತ್ರಿಕೆಯ ಮೂಲಕ.

ಅವನನ್ನು ದೇವರನ್ನಾಗಿ ಮಾಡಬೇಕಾಗಿಲ್ಲ. ಆ ದಸ್ತಾವೇಜಿನಲ್ಲಿ ಬಿಳಿಯ ಹುಡುಗರಿಗೆ ಮಾತ್ರ ಪ್ರವೇಶವೆಂದು ಬರೆದಿತ್ತು. ಊರಿನ ಎಲ್ಲ ವ್ಯವಹಾರವೂ ಅವನ ಮಾತಿನಂತೆಯೇ ನಡೆಯಬೇಕಾಗಿತ್ತು. 1937ರ ಏಪ್ರಿಲಿನಲ್ಲಿ ಕೆಲಸಗಾರರು ಸಂಘ ಕಟ್ಟಿ ಕಾರಖಾನೆಯೊಳಗೇ ಕುಳಿತು ಮುಷ್ಕರ ಹೂಡಿದರು. ಹಾಲು ಕೊಳ್ಳುವವರಿಲ್ಲದೆ ಕಂಗಾಲಾದ ರೈತರು ಇತರರೊಡನೆ ಸೇರಿ ಒಳನುಗ್ಗಿ ಅವರನ್ನು ಹೊಡೆದು ಹೊರಹಾಕಿದರು. ತಾನು ಕಟ್ಟಿದ ಊರಿನಲ್ಲಿಯೇ ಹೀಗಾದದ್ದು ಮುದುಕನಿಗೆ ಬಹಳ ನೋವಿನ ಸಂಗತಿಯಾಯಿತು. ಆದರೆ ದುಡಿಯುವವರಿಗೂ ಹೇಳುವ ಮಾತು ಇರುತ್ತದೆ ಎಂಬುದನ್ನು ಅವನು ಮೊದಲೇ ಅರಿಯಬೇಕಾಗಿತ್ತೆಂದು ನನಗೆ ಅನ್ನಿಸುತ್ತದೆ.

ಅದೇ ವರ್ಷ ಸೈನ್ಯದವರು ಸೆಕೆಗೆ ಬೇಗ ಕರಗದ, ಹಸಿವು ತಣಿಸುವ ಚಾಕಲೇಟು ಬೇಕೆಂದು ಬಂದರು. ಸೈನಿಕರು ಸುಮ್ಮನೆ ತಿಂದು ಮುಗಿಸಬಾರದೆಂದು ಅದರ ರುಚಿ ಬೇಯಿಸಿದ ಬಟಾಟೆಗಿಂತ ತುಸುವೇ ಚೆನ್ನಾಗಿರಲಿ ಎಂಬುದೂ ಅವರ ಕರಾರಾಗಿತ್ತು! ಎರಡನೆಯ ಮಹಾಯುದ್ಧದಲ್ಲಿ ಇಂಥ ಪಟ್ಟಿಗಳು ಕೋಟಿಗಟ್ಟಲೆ ಹೋದವು.

ಹರ್ಷೆ ತನ್ನ ಬಂಗಲೆಯನ್ನು 1930ರಲ್ಲಿ ಊರಿನ ಕ್ಲಬ್ಬಿಗೆ ಬಿಟ್ಟುಕೊಟ್ಟು, ಮೇಲಿನ ಮಹಡಿಯ ಕೆಲವು ಕೋಣೆಗಳಲ್ಲಿ ಮಾತ್ರ ಉಳಿದಿದ್ದನು. 1945ನೆಯ ಅಕ್ಟೋಬರ 13ರಂದು, 88ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಬಣ್ಣದ ಕಟ್ಟಳೆಯನ್ನು ಶಾಲೆಯವರು ಮುಂದೆ ತೆಗೆದುಹಾಕಿದರು. 1970ರ ದಶಕದಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಈಗ ಅನಾಥರಲ್ಲದ ಬಡ ಮನೆಗಳ ಮಕ್ಕಳೂ ಸೇರಿ ಸುಮಾರು 2000 ಮಂದಿ ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಒಂದು ಕಾಸು ಕೊಡದೆ 12ನೆಯ ಇಯತ್ತೆಯವರೆಗೆ ಕಲಿಯುತ್ತಾರೆ. ಬಹಳ ವರ್ಷ ಅಲ್ಲಿಯ ಹುಡುಗರು ನಸುಕಿನಲ್ಲಿ ಎದ್ದು ಆಕಳ ಹಾಲು ಹಿಂಡಿ, ಆಮೇಲೆ ವರ್ಗಕ್ಕೆ ಹೋಗಬೇಕಾಗಿತ್ತು. ಸಂಜೆ ಮತ್ತೆ ಅದೇ ಕೆಲಸ. ಆ ಪದ್ಧತಿ 1989ರಲ್ಲಿ ನಿಂತಿತು. ಮೊದಲ ಹುಡುಗರು ಇಳಿದುಕೊಂಡಿದ್ದ ಆ ಹಳೆಯ ಮನೆ ಶಾಲೆಯ ಆವರಣದಲ್ಲಿ ಇಂದಿಗೂ ಇದೆ.