ಬಾವುಟಗುಡ್ಡೆಯ ಕೆದಂಬಾಡಿ ರಾಮಯ್ಯ ಗೌಡರು

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನಾನು ಸುವರ್ಣ ಮಹೋತ್ಸವದ ಸಂಚಿಕೆಗೆ ಆಯ್ದುಕೊಂಡದ್ದು ಕೆದಂಬಾಡಿ ರಾಮಯ್ಯ ಗೌಡರ ಬದುಕನ್ನು. 1857ರ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಅದಕ್ಕಿಂತ 20 ವರ್ಷ ಮೊದಲು ಮಂಗಳೂರಿನಲ್ಲೇ ನಡೆದದ್ದು ಅಷ್ಟಾಗಿ ಗೊತ್ತಿಲ್ಲ.

ಗೌಡರು ಸುಳ್ಯ ಸೀಮೆಯ ರೈತ ಮುಖಂಡರು. ಆಗ ಅಮರ ಸುಳ್ಯ ಮಾಗಣೆ ಕೊಡಗಿನ ಹಾಲೇರಿ ಅರಸರಿಗೆ ಸೇರಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಫಸಲಿನಲ್ಲೇ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕಟ್ಟಬೇಕಾಯಿತು. ನಗದಿಗಾಗಿ ಬೆಳೆಯನ್ನು ಸಿಕ್ಕಿದ ಕ್ರಯಕ್ಕೆ ಮಾರಬೇಕು, ಇಲ್ಲವೇ ಸಾಲ ಎತ್ತಬೇಕು. ಗೌಡರ ಹಿಂದೆ ಜನ ನಿಂತದ್ದು ಈ ಸಂಕಟದಿಂದ.

ಆದರೆ ಸಂಕಟ ಒಂದರಿಂದಲೇ ದಂಡು ಕೂಡುವುದಿಲ್ಲ. ಜನರಿಗೆ ಅರಸ ಬೇಕಿತ್ತು. ಪುಟ್ಟಬಸಪ್ಪ ಎಂಬವರನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಲಾಯಿತು. ಮದುವೆಯ ನೆಪದಲ್ಲಿ ಗೌಡರು ಜನ ಸೇರಿಸಿದರೆಂದು ಸುಳ್ಯದ ಕಡೆ ಇಂದಿಗೂ ಹೇಳುತ್ತಾರೆ. ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿತು. ದಾರಿಯುದ್ದಕ್ಕೂ ಜನ ಸೇರುತ್ತಾ ಬಂದರು. ನಂದಾವರದ ಲಕ್ಷ್ಮಪ್ಪ ಬಂಗರಸರೂ ಕೂಡಿಕೊಂಡರು. 1837ರ ಏಪ್ರಿಲ್ 5ರಂದು ಮಂಗಳೂರು ಕೈವಶವಾಯಿತು. ಸೆರೆಮನೆಯ ಬಾಗಿಲು ತೆರೆಯಿತು, ಬಾವುಟಗುಡ್ಡೆಯಲ್ಲಿ ಬಾವುಟ ಏರಿತು.

ಆ ಆಡಳಿತ ಉಳಿದದ್ದು 13 ದಿನ. ಕೊಡಗಿನ ದಿವಾನರಲ್ಲಿ ಕೆಲವರು ಕಂಪೆನಿಯ ಪಕ್ಷದಲ್ಲೇ ನಿಂತರು. ಹಾಗೆ ನಿಂತವರಿಗೆ ಕಂಪೆನಿ ಆಮೇಲೆ ಪದಕಗಳನ್ನೂ ಕೊಟ್ಟಿತು. ಸಮುದ್ರ ಮಾರ್ಗವಾಗಿ ಕಂಪೆನಿಯ ಸೈನ್ಯ ಬಂದಿಳಿದಾಗ, ಬರುವಾಗ ಹಿಗ್ಗಿದ ದಂಡು ಕರಗಿತು. ಪುಟ್ಟಬಸಪ್ಪ, ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅದೇ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಾಯಿತು.

ಹೋರಾಟ ಸೋತ ಮೇಲೆ ಅದರ ಹೆಸರೂ ಸೋತಿತು. ಊರವರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ ಆಯಿತು. ಆ ಮಾತಿನಲ್ಲಿ ಲೂಟಿ, ಉಪದ್ರವದ ಛಾಯೆಯಿದೆ. ಜೈಕಾರ ಹಾಕಿದವರ ಮಕ್ಕಳು ಮೊಮ್ಮಕ್ಕಳೇ ಅದನ್ನು ಹಾಗೆ ಕರೆದರು. ಸಂಶೋಧಕರು ಕಡತಗಳನ್ನೂ ಊರವರ ನೆನಪನ್ನೂ ಕೆದಕಿದ ಬಳಿಕ ಅದು ಅಮರ ಸುಳ್ಯದ ರೈತ ದಂಗೆಯಾಯಿತು. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲೇ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು.

ಹಿಂದಿರುಗಿದ ಆ ರೈತರು ಹೇಡಿಗಳೇ ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು. ಅಲ್ಲವೆಂದೇ ನಾನು ಹೇಳುತ್ತಿದ್ದೆ. ಕೈಯಲ್ಲಿ ಕೋವಿಗಿಂತ ಕತ್ತಿ ದೊಣ್ಣೆಗಳೇ ಹೆಚ್ಚಿದ್ದವರು ಅವರು. ಮನೆಯಲ್ಲಿ ಮಕ್ಕಳಿದ್ದರು, ಮುಂದೆ ಮಳೆಗಾಲವಿತ್ತು. ಜನ ಕದಲಿದರೂ ಅವರನ್ನು ಎಬ್ಬಿಸಿದ ಅನ್ಯಾಯ ಸುಳ್ಳಾಗಿರಲಿಲ್ಲ. ಗೌಡರ ಬದುಕಿನಿಂದ ನಮ್ಮ ಮಕ್ಕಳು ಇಷ್ಟು ಕಲಿತರೆ ಸಾಕು: ಯಾವ ಹೋರಾಟವನ್ನೂ ಅದರ ಹಿಂದಿದ್ದ ಜನರ ಲೆಕ್ಕದಿಂದ ಅಳೆಯಬೇಡಿ, ಅವರು ಏಕೆ ಬಂದರು, ಏಕೆ ಹೋದರು ಎಂಬುದನ್ನು ಕೇಳಿ ನೋಡಿ.